ನೀರು ಚಿಮುಕಿಸಿದ ರೊಟ್ಟಿ

ಪುಣೆಯಿಂದ ನನ್ನ ಗಂಡ ರತೀಶ್ ದಿನಾ ಸಂಜೆ ಫೋನ್ ಮಾಡುತ್ತಾರೆ. ಹೋಟೆಲಿನ ಗಲಾಟೆಯ ನಡುವೆ ಮೊದಲು ಕೇಳುವುದು ಒಂದೇ ಪ್ರಶ್ನೆ.

"ಅಮ್ಮ ಉಂಡ್ರಾ?"

ಇದಕ್ಕೆ ಉತ್ತರ ಹೇಳುವುದರಲ್ಲಿ ನಾನು ಪಳಗಿದ್ದೆ. 'ಉಂಡರು' ಎನ್ನುವ ಮಾತನ್ನು ನಾನು ಬಳಸುತ್ತಿರಲಿಲ್ಲ. ಗಂಜಿ ಎರಡು ಚಮಚ ಬಾಯಿಗೆ ಹೋಗಿ, ಉಳಿದದ್ದು ಬಟ್ಟಲಲ್ಲೇ ಆರಿ ಕೆನೆಗಟ್ಟಿದ ದಿನ "ಊಟಕ್ ಕೂಕಂಡಿದ್ರ್" ಎನ್ನುತ್ತಿದ್ದೆ. ಏನೂ ಹೋಗದ ದಿನ "ಈಗ ಕೊಡ್ತೆ" ಎನ್ನುತ್ತಿದ್ದೆ. ಸುಳ್ಳು ಹೇಳಿದ ಹಾಗೂ ಆಗಬಾರದು, ನಿಜ ಕೇಳಿ ಆ ಮನುಷ್ಯ ಕೆಲಸ ಬಿಟ್ಟು ರಾತ್ರಿ ಬಸ್ಸು ಹತ್ತುವ ಹಾಗೂ ಆಗಬಾರದು. ಪಕ್ಕದ ಕೋಣೆಯಲ್ಲಿ ಮಲಗಿರುವ ಅತ್ತೆಗೆ ನನ್ನ ಮಾತು ಕೇಳಿಸುತ್ತದೆ ಎನ್ನುವುದೂ ನೆನಪಿರಬೇಕು.

ಅತ್ತೆಯ ಹೆಸರು ಗುಣವತಿ. ಮಾವ ಬೊಂಬಾಯಿಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ ಕಾಲದಲ್ಲಿ, ಊರಿಂದ ಬಂದ ಹುಡುಗರಿಗೆಲ್ಲ ಅಡಿಗೆ ಮಾಡಿ ಬಡಿಸಿದ ಕೈ ಅವರದು. ಕಳೆದ ವರ್ಷ ಬಾಯೊಳಗೆ, ನಾಲಗೆಯ ಬುಡದಲ್ಲಿ ಒಂದು ಗಂಟು ಕಾಣಿಸಿತು. ಕತ್ತರಿಸಿ ತೆಗೆದರು. ಆಮೇಲೆ ಕರೆಂಟು ಕೊಟ್ಟರು. ರೇಡಿಯೇಷನ್ನಿಗೆ ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೆಯೇ. ಗಂಟು ಹೋಯಿತು. ಅದರ ಜೊತೆಗೆ ಬಾಯಿಯ ಜೊಲ್ಲು ಹೋಯಿತು, ರುಚಿಯೂ ಹೋಯಿತು. ಬರೀ ಹೋಗಿದ್ದರೆ ತಡೆದುಕೊಳ್ಳಬಹುದಿತ್ತೇನೋ. ರುಚಿಯ ಜಾಗದಲ್ಲಿ ಬೇರೇನೋ ಬಂದು ಕೂತಿತ್ತು. ಏನು ಬಾಯಿಗಿಟ್ಟರೂ ತುಕ್ಕು ಹಿಡಿದ ಬಾವಿಯ ಸರಪಳಿ ನೆಕ್ಕಿದ ಹಾಗೆ ಎನ್ನುತ್ತಿದ್ದರು.

ರುಚಿ ನಿಧಾನಕ್ಕೆ ಮರಳುತ್ತದೆ, ಅಲ್ಲಿಯವರೆಗೆ ಹೇಗಾದರೂ ಮಾಡಿ ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರು. ಹೋದ ಸಲ ತೂಕ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಂದಿನ ಸೋಮವಾರ ಬರುವಾಗ ತೂಕ ಇನ್ನೂ ಇಳಿದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕುವುದೇ ದಾರಿ ಎಂದರು. ವಾರ್ಡಿನಲ್ಲಿ ಪಕ್ಕದ ಮಂಚದ ಹೆಂಗಸಿಗೆ ನಳಿಗೆ ಹಾಕಿದ್ದನ್ನು ಅತ್ತೆ ನೋಡಿದ್ದರು. ಮನೆಗೆ ಬಂದು ಮೆಟ್ಟಿಲು ಹತ್ತುವಾಗ ನನ್ನ ಕೈ ಹಿಡಿದುಕೊಂಡು, "ಅದೊಂದ್ ಬ್ಯಾಡ ಹೆಣೆ" ಎಂದರು. ಹುಡುಗಿಯರನ್ನು ಕರೆಯುವಂತೆ ಅವರು ನನ್ನನ್ನು ಈಗಲೂ ಹಾಗೆಯೇ ಕರೆಯುವುದು.

ಆ ದಿನದಿಂದ ನಾನು ಇನ್ನಷ್ಟು ಕಾಯತೊಡಗಿದೆ. ಬಟ್ಟಲು ಬಾಯಿಗೆ ಹೋಗುವುದನ್ನು ಕಾಯುವುದು, ಗಂಟಲು ಏರಿಳಿಯುವುದನ್ನು ಕಾಯುವುದು. ಬಾಗಿಲ ಸಂದಿಯಿಂದಲೂ ನೋಡುತ್ತಿದ್ದೆ. ನೋಡುವವರಿದ್ದರೆ ತಿನ್ನುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಆದರೂ ಕಣ್ಣು ತೆಗೆಯಲು ಆಗುತ್ತಿರಲಿಲ್ಲ.

ಅವರಿಗೆ ಇಷ್ಟವಾದದ್ದನ್ನೆಲ್ಲ ಅವರು ಮಾಡುತ್ತಿದ್ದ ಹಾಗೆಯೇ ಮಾಡಿದೆ. ಅವರದೇ ಅಳತೆ, ಅವರದೇ ಮಡಕೆ. ಒಂದು ಬೆಳಿಗ್ಗೆ ಅವರೇ ಅಡಿಗೆಮನೆಗೆ ಬಂದು, "ಇವತ್ ಮೀನ್ ಸಾರ್ ನಾ ಮಾಡ್ತೆ, ನೀ ಕಾಯ್ ತುರ್ದ್ ಕೊಡ್" ಎಂದರು. ಸ್ಟೂಲಿನ ಮೇಲೆ ಕೂತು ಬಂಗುಡೆಗೆ ಮಸಾಲೆ ಹೊಂದಿಸಿದರು. ಕುದಿ ಬಂದ ಮೇಲೆ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದರು. ಜೀವಮಾನವಿಡೀ ಅವರು ಉಪ್ಪು ನೋಡಿದ್ದು ಹಾಗೆ. ಸ್ವಲ್ಪ ಹೊತ್ತು ಅಂಗೈಯನ್ನೇ ನೋಡುತ್ತ ಕೂತರು. ಆಮೇಲೆ ಮಡಕೆಗೆ ಮುಚ್ಚಳ ಹಾಕಿ, "ಇದ್ರ ಗುರ್ತ್ ಸಿಕ್ಕುದಿಲ್ಲ ನಂಗೆ. ನೀ ಉಣ್" ಎಂದು ಎದ್ದು ಹೋದರು.

ನಾನು ಉಂಡೆ. ಸಾರು ಎಂದಿನಂತೆಯೇ ಇತ್ತು. ಒಂದು ಕಾಳು ಉಪ್ಪೂ ಹೆಚ್ಚುಕಮ್ಮಿ ಇರಲಿಲ್ಲ. ಅದನ್ನು ಅವರಿಗೆ ಹೇಳುವುದು ಹೇಗೆ ಎಂದು ತಿಳಿಯದೆ ಸಿಂಕಿನ ಎದುರು ನಿಂತು ಕಣ್ಣೀರು ಹಾಕಿದೆ.

ಇದಾದ ಎರಡು ದಿನಗಳ ಮೇಲೆ, ಬೆಳಗಿನ ಹೊತ್ತು ಚಾವಡಿಯಲ್ಲಿ ಕೂತಿದ್ದವರು ತಟ್ಟನೆ ತಲೆ ಎತ್ತಿದರು.

"ಹೆಣೆ, ಅದೆಂತ ಪರಿಮಳ?"

ನಾನು ಹೆದರಿದೆ. ಚಿಕಿತ್ಸೆ ಶುರುವಾದ ಮೇಲೆ ಯಾವ ವಾಸನೆ ಬಂದರೂ ಅವರು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಒಗ್ಗರಣೆಯ ಸದ್ದಾದರೆ ಹಿತ್ತಲಿಗೆ ಎದ್ದು ಹೋಗುತ್ತಿದ್ದರು. ಈಗ ನೋಡಿದರೆ ಸೆರಗು ಹೆಗಲ ಮೇಲೆಯೇ ಇತ್ತು.

"ಅದ್ ಚರಣನ ಹೋಟ್ಲ್ ಅತ್ತೆ. ರೊಟ್ಟಿ ಸುಡುದ್ ಆಯ್ಕ್."

ಚರಣ್ ಅತ್ತೆಯ ತವರೂರು ವಂಡ್ಸೆಯ ಹುಡುಗ. ದೂರದ ಸಂಬಂಧದಲ್ಲಿ ಅವರಿಗೆ ತಂಗಿಯ ಮಗನಾಗಬೇಕು. ತಲ್ಲೂರಿನಲ್ಲಿ ನಮ್ಮ ಮನೆಯ ಹಿಂದೆ, ಹೆದ್ದಾರಿಗೆ ಮುಖ ಮಾಡಿ ಒಂದು ಟಯರ್ ಅಂಗಡಿ ಇತ್ತು. ಅದು ಮುಚ್ಚಿದ ಮೇಲೆ ಆ ಕಟ್ಟಡದಲ್ಲಿ ಅವನು ಹೋಟೆಲ್ ತೆರೆದಿದ್ದ. ಜೊತೆಗಾರ ಮಂಗಳೂರಿನಲ್ಲಿ ಅವನ ಸಹಪಾಠಿಯಾಗಿದ್ದ ಹಕ್ಮತ್ ಎಂಬ ಅಫ್ಘಾನಿಸ್ತಾನದವನು. ಓದು ಮುಗಿಯುವಷ್ಟರಲ್ಲಿ ಅವನ ದೇಶದಲ್ಲಿ ಎಲ್ಲ ಬದಲಾಗಿ, ಮರಳಿ ಹೋಗುವ ದಾರಿ ಇಲ್ಲವಾಗಿತ್ತು. ಬೋರ್ಡಿನಲ್ಲಿ 'ಅಫ್ಘಾನಿ ಊಟ' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿದ್ದರು.

"ಅಫ್ಘಾನಿ ಅಂದ್ರೆ, ಬೊಂಬಾಯಂಗೆ ಇಂಗ್ ಮಾರುಕ್ ಬತ್ತಿದ್ರಲೆ, ಪಠಾಣ್ರ್, ಅವ್ರಾ?"

"ಹೌದ್, ಆ ಕಡಿಯೋರೇ."

"ಅವ್ರ್ ಎಂತ ತಿಂತ್ರ್?"

"ನಂಗೊತ್ತಿಲ್ಲ."

ಅತ್ತೆ ಇನ್ನೊಮ್ಮೆ ಮೂಗರಳಿಸಿದರು. "ನಂಗೂ ಗೊತ್ತಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ, "ಹೋಪನಾ?" ಎಂದರು.

ಪಾರ್ಸೆಲ್ ತರುತ್ತೇನೆ ಎಂದೆ. "ಪಾರ್ಸೆಲ್ ಬ್ಯಾಡ ಮಾರಾಯ್ತಿ. ಪಾರ್ಸೆಲ್ ಅಂದ್ರೆ ಆಸ್ಪತ್ರಿ ವಾಸ್ನಿ" ಎಂದರು. ಅದು ನಿಜವೇ. ಆ ತಿಂಗಳುಗಳಲ್ಲಿ ನಾವು ತಿಂದದ್ದೆಲ್ಲ ಪ್ಲಾಸ್ಟಿಕ್ ಡಬ್ಬಿಗಳಿಂದ.

ನಾನು ಮಧ್ಯಾಹ್ನದ ಊಟದ ಗಿರಾಕಿಗಳೆಲ್ಲ ಹೋದ ಮೇಲಿನ ಹೊತ್ತನ್ನು ಆರಿಸಿಕೊಂಡೆ. ತಿನ್ನಲಾಗದೆ ಬಾಯಿಂದ ತೆಗೆಯಬೇಕಾಗಿ ಬಂದರೆ ಯಾರೂ ನೋಡಬಾರದು. ಅವರನ್ನು ಎಲ್ಲಿಗೆ ಕರೆದುಕೊಂಡು ಹೋದೆ, ಏನು ತಿನ್ನಿಸಿದೆ ಎಂದು ಊರವರು ಕೇಳುವ ಪ್ರಶ್ನೆಗಳೂ ನನಗೆ ಬೇಕಿರಲಿಲ್ಲ. ಚೀಲದಲ್ಲಿ ಸಣ್ಣ ಡಬ್ಬಿಯಲ್ಲಿ ಗಂಜಿ, ಅವರದೇ ಚಮಚ, ನೀರಿನ ಬಾಟಲಿ, ಒಂದು ಪಾಣಿಪಂಚೆ, ಮಡಚಿದ ಪ್ಲಾಸ್ಟಿಕ್ ಕವರ್ ಇಟ್ಟುಕೊಂಡೆ. ಗಂಜಿಯ ಡಬ್ಬಿಯನ್ನು ಅವರಿಗೆ ಕಾಣದ ಹಾಗೆ ಕೆಳಗಿಟ್ಟೆ.

ಹಿತ್ತಲಿನ ದಾರಿಯಲ್ಲಿ ನನ್ನ ತೋಳು ಹಿಡಿದು ನಿಧಾನಕ್ಕೆ ನಡೆದರು. ಬಾಗಿಲಲ್ಲೇ ಚರಣ್ ನೋಡಿದ.

"ಅಯ್ಯಬ್ಯಾ, ದೊಡ್ಡಮ್ಮ! ಒಂದ್ ಫೋನ್ ಮಾಡಿರೆ ನಾನೇ ಕಾರ್ ತಕಂಡ್ ಬತ್ತಿದ್ದೆ ಅಲ್ದಾ?"

"ನಿನ್ ಕಾರ್ ಹತ್ತಿ ಇಳುವಷ್ಟರಗೆ ನಡ್ಕಂಡೇ ಬಪ್ಲಕ್. ಎಂತ ಇತ್ತಾ ನಿನ್ ಹೋಟ್ಲಗೆ? ನೀರ್ ದೋಸಿ ಇತ್ತಾ?"

"ಅದೊಂದ್ ಇಲ್ಲ ದೊಡ್ಡಮ್ಮ."

"ಮೀನ್ ಸಾರ್?"

"ಅದೂ ಇಲ್ಲ."

"ಬಚಾವ್" ಎಂದರು ಅತ್ತೆ.

ಒಳಗೆ ಮೇಜು ಕುರ್ಚಿಗಳ ಜೊತೆಗೆ ಗೋಡೆಯ ಬದಿಗೆ ಒಂದು ತಗ್ಗಿನ ಜಗುಲಿ ಇತ್ತು. ಅದರ ಮೇಲೆ ಹಾಸಿಗೆ, ಒರಗಲು ದಿಂಬು. ಅತ್ತೆ ನೇರವಾಗಿ ಅಲ್ಲಿಗೇ ಹೋದರು. ಒಲೆಯ ಕಡೆಯಿಂದ ಉದ್ದನೆಯ ಒಬ್ಬ ಹುಡುಗ ಬಂದು ಎದೆಯ ಮೇಲೆ ಕೈಯಿಟ್ಟು ಬಗ್ಗಿದ. ಬಿಸಿಗೆ ಅವನ ಹಣೆ ಕೆಂಪಾಗಿತ್ತು.

"ನಮಸ್ಕಾರ ಅಮ್ಮ. ದಯವಿಟ್ಟು ಆರಾಮವಾಗಿ ಕುಳಿತುಕೊಳ್ಳಿ. ನೀವು ನಮ್ಮ ಅತಿಥಿಗಳು."

ಅತ್ತೆ ಬೆರಗಾಗಿ ಚರಣನ ಕಡೆ ತಿರುಗಿದರು. "ಇಂವ ಎಂತ ರೇಡಿಯೋದಗೆ ವಾರ್ತೆ ಓದಿದಾಂಗೆ ಮಾತಾಡ್ತ?"

"ಪುಸ್ತಕ ಇಟ್ಕಂಡ್ ಕಲ್ತದ್ದ್ ದೊಡ್ಡಮ್ಮ. ನನ್ ಕನ್ನಡ ಅಂವಂಗೆ ಅರ್ಥ ಆತಿಲ್ಲ ಅಂಬ್ರ್."

ನಾನು ಚರಣನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದೆ. ಖಾರ ಇರಬಾರದು, ಬಾಯಿಯಲ್ಲಿ ಇನ್ನೂ ಹುಣ್ಣಿದೆ. ಒಣಗಿದ್ದು ಇಳಿಯುವುದಿಲ್ಲ. ಮೆತ್ತಗಿರಬೇಕು. ಸೋಮವಾರದ ವಿಷಯವನ್ನೂ ಹೇಳಿದೆ. ಅವನ ಮುಖದ ನಗು ಹೋಯಿತು.

"ಶೋರ್ಬಾ ಕೊಡುವ ಅತ್ಗೆ. ಆಡಿನ ಎಲುಬ್ ಹಾಕಿ ಬೆಳಿಗ್ಗಿಂದ ಕಾಯ್ಸಿದ್ ತೆಳು ಸಾರ್. ಮೆಣ್ಸೇ ಇಲ್ಲ. ಮತ್ತೆ ಮೊಸ್ರಲ್ಲಿ ಬದ್ನಿಕಾಯ್. ಬಾಯಗಿಟ್ರೆ ಕರ್ಗತ್ತ್."

ನಮ್ಮ ಮುಂದೆ ಹೂವಿನ ಅಚ್ಚಿನ ಉದ್ದನೆಯ ಬಟ್ಟೆ ಹಾಸಿದರು. ಹಕ್ಮತ್ ಎರಡು ರೊಟ್ಟಿಗಳನ್ನು ಕೈಮೇಲೆ ಹೊತ್ತು ತಂದು, ತಟ್ಟೆ ಏನೂ ಇಲ್ಲದೆ, ಒಬ್ಬೊಬ್ಬರ ಮುಂದೆ ಒಂದೊಂದರಂತೆ ಆ ಬಟ್ಟೆಯ ಮೇಲೇ ಇಟ್ಟು ಹೋದ. ನಾವು ಉಡುಪಿಯಲ್ಲಿ ಮದುವೆ ಜವಳಿ ತರಲು ಹೋದಾಗ ತಿನ್ನುವ, ಬೆಣ್ಣೆ ಸವರಿದ ಮುಕ್ಕೋನದ ನಾನ್ ಅಲ್ಲ ಅದು. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಒಂದು ತುದಿ ಅಗಲ, ಇನ್ನೊಂದು ತುದಿ ಚೂಪು. ಮೈಮೇಲೆ ಬೆರಳಿನಿಂದ ಒತ್ತಿ ಎಳೆದ ಗೆರೆಗಳು.

ಅತ್ತೆ ಅದನ್ನು ಮೆಲ್ಲಗೆ ತಿರುಗಿಸಿ ಚೂಪು ತುದಿಯನ್ನು ಎಡಕ್ಕೆ ಮಾಡಿಕೊಂಡರು. ಲೋಟದಿಂದ ಅಂಗೈಗೆ ನೀರು ಬಗ್ಗಿಸಿ ಅದರ ಮೇಲೆ ಚಿಮುಕಿಸಿದರು. ಅಂಗೈಯ ಅಂಚಿನಿಂದ ಎಡದಿಂದ ಬಲಕ್ಕೆ ಒಮ್ಮೆ ಸವರಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಡಿಸುವವರಿಗಾಗಿ ಕಾದು ಕೂತರು.

ನಾನೂ ಹಾಗೆಯೇ ಮಾಡಿದೆ. ಯೋಚಿಸಿ ಮಾಡಿದ್ದಲ್ಲ. ನನ್ನ ಕಣ್ಣು ಅವರ ಮುಖದ ಮೇಲಿತ್ತು, ಕೈ ತನ್ನ ಪಾಡಿಗೆ ತಾನು ಮಾಡಿಬಿಟ್ಟಿತು.

ಬಟ್ಟಲು ಹಿಡಿದು ಬಂದ ಹಕ್ಮತ್ ಅಲ್ಲೇ ನಿಂತ. ಒದ್ದೆಯಾದ ರೊಟ್ಟಿಗಳನ್ನು ನೋಡಿದ. "ಕ್ಷಮಿಸಿ ಅಮ್ಮ, ಬೇರೆ ತರುತ್ತೇನೆ" ಎಂದು ಎರಡನ್ನೂ ಎತ್ತಿಕೊಂಡು ಹೋದ.

"ಎಂತಕ್ ತಕಂಡ್ ಹೋದ?" ಅತ್ತೆ ಕೇಳಿದರು. "ಎಲಿ ಹರ್ದಿತ್ತಾ?"

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಅವನು ಹೊಸ ರೊಟ್ಟಿಗಳನ್ನು ತಂದಿಟ್ಟ. ಮುಟ್ಟಲಾಗದಷ್ಟು ಬಿಸಿ, ಹಬೆಯಾಡುತ್ತಿತ್ತು. ಅತ್ತೆ ಮತ್ತೆ ತುದಿಯನ್ನು ಎಡಕ್ಕೆ ತಿರುಗಿಸಿದರು, ಮತ್ತೆ ನೀರು ಚಿಮುಕಿಸಿದರು, ಮತ್ತೆ ಸವರಿದರು. ಈ ಸಲ ಹಕ್ಮತ್ ಬಟ್ಟಲುಗಳನ್ನು ಇಟ್ಟು, ತಲೆ ತಗ್ಗಿಸಿ ಒಳಗೆ ಹೋದ. ಒಲೆಯ ಹತ್ತಿರ ತಗ್ಗಿದ ದನಿಯಲ್ಲಿ ಮಾತುಕತೆ ನಡೆಯಿತು. ಆಮೇಲೆ ಚರಣ್ ನನ್ನ ಪಕ್ಕಕ್ಕೆ ಬಂದು ಬಗ್ಗಿದ.

"ಅತ್ಗೆ, ರೊಟ್ಟಿ ಒಣಗಿತ್ತಾ?"

"ಇಲ್ಲ. ಬಿಸಿ ಬಿಸಿ ಇತ್ತಲ್ಲ."

"ಮತ್ತೆ ನೀರ್ ಎಂತಕ್ ಹಾಕ್ದ್ರಿ? ಅವ್ರ ಊರಗೆ ಹಳಿ ರೊಟ್ಟಿಗೆ, ಮೊನ್ನೆದ್ದ್ ಒಣಗಿದ್ದಕ್ಕೆ ನೀರ್ ಹಾಕುದ್ ಅಂಬ್ರ್. ಈಗಷ್ಟೇ ಒಲಿಯಿಂದ ತೆಗ್ದದ್ದಕ್ಕೆ ಎರಡೆರಡ್ ಸಲ ನೀರ್ ಹಾಕಿರೆ ಅಂವಂಗ್ ಬೇಜಾರಾತಿಲ್ಯಾ?"

ಆಗ ನನಗೆ ಹೊಳೆಯಿತು. ತಟ್ಟೆಯಿಲ್ಲದೆ ಅತ್ತೆಯ ಮುಂದಿಟ್ಟ, ಒಂದು ತುದಿ ಚೂಪಾದ ಆ ಉದ್ದನೆಯದು ಅವರ ಲೆಕ್ಕದಲ್ಲಿ ಬಾಳೆ ಎಲೆ. ನನ್ನ ಕೈಯ ಲೆಕ್ಕದಲ್ಲೂ ಅದೇ. ಕೆನ್ನೆ ಬಿಸಿಯಾಯಿತು. ಒಳಗೆ ಹೋಗಿ ಆ ಹುಡುಗನಲ್ಲಿ ಎರಡು ಮಾತು ಹೇಳಬೇಕೆಂದು ಏಳಹೊರಟೆ. ಅಷ್ಟರಲ್ಲಿ ಅತ್ತೆ ಮೊದಲ ಚಮಚ ಸಾರನ್ನು ಬಾಯಿಗಿಟ್ಟರು.

ಗಂಟಲು ಏರಿ ಇಳಿಯಿತು. ಮುಖ ಕಿವುಚಲಿಲ್ಲ. ಇನ್ನೊಂದು ಚಮಚ ತೆಗೆದುಕೊಂಡರು.

ನಾನು ತುಟಿಯ ಮೇಲೆ ಬೆರಳಿಟ್ಟು ಚರಣನಿಗೆ ಸನ್ನೆ ಮಾಡಿದೆ. ಈಗ ಯಾರೂ ಏನೂ ಹೇಳಬಾರದು. ಇದು ಎಲೆಯಲ್ಲ ಎಂದು ಗೊತ್ತಾದರೆ ಅವರು ನಾಚಿ ಕೈ ತೊಳೆದು ಎದ್ದುಬಿಡುತ್ತಾರೆ. ಒಳಗಿರುವ ಹುಡುಗ ನೊಂದುಕೊಂಡಿದ್ದಾನೆ, ನನಗೆ ಗೊತ್ತು. ಆದರೂ ಅವನು ಇನ್ನೊಂದು ಸ್ವಲ್ಪ ಹೊತ್ತು ನೊಂದುಕೊಂಡೇ ಇರಲಿ ಎಂದುಕೊಂಡೆ. ಒಳ್ಳೆಯ ಯೋಚನೆ ಅಲ್ಲ ಅದು. ಆದರೆ ಆ ಕ್ಷಣಕ್ಕೆ ನನ್ನಲ್ಲಿದ್ದದ್ದು ಅದೊಂದೇ.

ಬದನೆಕಾಯನ್ನು ಅವರು ಚಮಚದಿಂದ ತೆಗೆದು ರೊಟ್ಟಿಯ ಮೇಲೆ, ಎಡಗಡೆ ಪಲ್ಯ ಬಡಿಸುವ ಜಾಗದಲ್ಲೇ ಹಾಕಿಕೊಂಡರು. ಬೆರಳಿನಿಂದ ಚೂರು ಚೂರೇ ತಿಂದರು. ಸಾರಿನೊಳಗಿನ ಮಾಂಸ ಎಲುಬಿನಿಂದ ತಾನಾಗಿ ಬಿಟ್ಟುಬರುತ್ತಿತ್ತು. ಎಲುಬುಗಳನ್ನು ರೊಟ್ಟಿಯ ಅಂಚಿನಲ್ಲಿ ಒಪ್ಪವಾಗಿ ಇಟ್ಟರು. ಕೇಳುವುದೋ ಬೇಡವೋ ಎಂದು ಹಿಂದೆಮುಂದೆ ನೋಡಿ ಕೊನೆಗೆ ಕೇಳಿದೆ.

"ಹ್ಯಾಂಗಿತ್ತ್ ಅತ್ತೆ?"

ಅವರು ಯೋಚಿಸಿದರು. "ಗೊತ್ತಿಲ್ಲ."

"ಲಾಯ್ಕಿಲ್ಯಾ?"

"ಹಾಂಗಲ್ಲ ಹೆಣೆ. ಇದ್ ಹ್ಯಾಂಗಿರ್ಕ್ ಅಂದೇಳಿ ನಂಗ್ ಗೊತ್ತಿಲ್ಲ ಅಲ್ದಾ? ಮೀನ್ ಸಾರ್ ಹ್ಯಾಂಗಿರ್ಕ್ ಅಂದೇಳಿ ನಂಗೊತ್ತಿತ್ತ್. ಗಂಜಿ ಹ್ಯಾಂಗಿರ್ಕ್ ಅಂದೇಳಿ ಗೊತ್ತಿತ್ತ್. ಬಾಯಿಗ್ ಹಾಕ್ವತಿಗೆ, ಅಯ್ಯೋ, ಇದ್ ಅದಲ್ಲ, ಅಂದೇಳಿ ಆತ್ತ್. ಪ್ರತಿ ಸಲ ಯಾರೋ ಸತ್ತಾಂಗೆ ಆತ್ತ್. ಇದ್ರಗೆ ಹಾಂಗಿಲ್ಲ. ಇದ್ ಹೀಂಗೇ ಇಪ್ಪುದೋ ಎಂತದೋ, ಯಾರಿಗ್ ಗೊತ್ತ್?"

ಎಂದು ಮತ್ತೆ ಚಮಚ ತೆಗೆದುಕೊಂಡರು.

ಇಷ್ಟು ತಿಂಗಳು ನಾನು ಮಾಡಿದ ಅಡಿಗೆಗಳು ನೆನಪಾದವು. ಹಳೆಯ ರುಚಿಗೆ ಹತ್ತಿರವಾದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ. ನಾನು ಹತ್ತಿರವಾದಷ್ಟೂ ಅವರಿಗೆ ಕಳೆದುಹೋದದ್ದೇ ಕಾಣುತ್ತಿತ್ತು. ಅವರ ಮೇಲಿನ ಪ್ರೀತಿಯಿಂದಲೇ ನಾನು ದಿನಾ ಅದನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದೆ.

ಬಟ್ಟಲಿನ ಸಾರು ಅರ್ಧಕ್ಕಿಂತ ಕೆಳಗಿಳಿಯಿತು. ಅತ್ತೆ ಚಮಚ ಬದಿಗಿಟ್ಟರು. ಒಂದು ಸಣ್ಣ ತೇಗು ಬಂತು. ಆ ತೇಗು ಕೇಳಿ ನನ್ನ ಕಣ್ಣು ತುಂಬಿತು. ಆಮೇಲೆ ಅವರ ಕೈ ರೊಟ್ಟಿಯ ಮೇಲಂಚಿಗೆ ಹೋಯಿತು. ಏನು ಮಾಡಲು ಹೊರಟಿದ್ದಾರೆಂದು ನನಗೆ ಗೊತ್ತಿತ್ತು. ತಡೆಯಬಹುದಿತ್ತು, ತಡೆಯಲಿಲ್ಲ. ಕಾಯಿಲೆ ಬಿದ್ದ ಮೇಲೆ ಅವರು ಊಟ ಮುಗಿಸಿ ಎಲೆ ಮಡಚಿದ್ದನ್ನು ನಾನು ನೋಡಿಯೇ ಇರಲಿಲ್ಲ. ಎಲುಬುಗಳನ್ನು ಒಳಗಿಟ್ಟು, ಮೇಲಿನ ಅರ್ಧವನ್ನು ತಮ್ಮ ಕಡೆಗೆ ಮಡಚಿ, ಅದರ ಮೇಲೆ ಒಮ್ಮೆ ಅಂಗೈ ಒತ್ತಿದರು.

ಬಟ್ಟಲು ತೆಗೆಯಲು ಬಂದ ಹಕ್ಮತ್ ಮಡಚಿದ ರೊಟ್ಟಿಯನ್ನು ನೋಡಿದ. ಆಮೇಲೆ ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡ. ಬಿಡಿಸಿ, ಎಲುಬುಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಿದ. ಒಂದು ಚೂರು ಮುರಿದು ಜಗುಲಿಯ ಮೇಲೆ ಬಿದ್ದಿತ್ತು. ಅದನ್ನು ಹೆಕ್ಕಿ ತುಟಿಗೆ ಮುಟ್ಟಿಸಿ, ಹಣೆಗೆ ಮುಟ್ಟಿಸಿದ. ಯಾರಿಗೂ ಕಾಣಬಾರದೆಂಬಂತೆ ಬೇಗ ಬೇಗ ಮಾಡಿದ. ಆದರೆ ಅತ್ತೆ ನೋಡಿಬಿಟ್ಟರು.

"ಅದೆಂತಕ್ ಹಾಂಗ್ ಮಾಡ್ದೆ ಮಗಾ?"

ಅವನು ಚರಣನತ್ತ ನೋಡಿದ. ಚರಣ್ ನನ್ನತ್ತ ನೋಡಿದ. ನಾನು ತಲೆಯಾಡಿಸಿದೆ. ಇನ್ನು ಹೇಳಬಹುದು.

"ಅಮ್ಮ, ನಾವು ರೊಟ್ಟಿಯನ್ನು ಬಿಸಾಡುವುದಿಲ್ಲ," ಹಕ್ಮತ್ ಪದ ಪದ ಹುಡುಕಿ ಹೇಳಿದ. "ನೆಲಕ್ಕೆ ಬಿದ್ದರೆ ಮುತ್ತಿಟ್ಟು ಎತ್ತರದ ಜಾಗದಲ್ಲಿ ಇಡುತ್ತೇವೆ. ಪಕ್ಷಿಗಳಿಗೆ. ನನ್ನ ರೊಟ್ಟಿ ನಿಮಗೆ ಇಷ್ಟವಾಗಲಿಲ್ಲ, ಪರವಾಗಿಲ್ಲ. ನಾಳೆ ಇನ್ನೂ ಚೆನ್ನಾಗಿ ಮಾಡುತ್ತೇನೆ."

"ರೊಟ್ಟಿಯಾ?" ಅತ್ತೆಯ ಕಣ್ಣು ದೊಡ್ಡದಾಯಿತು. "ಇದ್ ತಿಂಬುದಾ?"

ಚರಣ್ ಅಷ್ಟು ಹೊತ್ತು ಹಿಡಿದಿಟ್ಟ ನಗು ಒಡೆಯಿತು. "ದೊಡ್ಡಮ್ಮ, ಅದ್ ಎಲಿ ಅಲ್ಲ, ಅದೇ ಊಟ! ನೀವ್ ಊಟ ಬಿಟ್ಟ್ ಬದಿಗ್ ಹಾಕಿದ್ದಷ್ಟೇ ತಿಂದ್ರಿ!"

"ನಗ್ಯಾಡ್ಬ್ಯಾಡ ಹೋಯ್, ಕೆನ್ನಿಗೊಂದ್ ಕೊಡ್ತೆ ಕಾಣ್!" ಎಂದು ಅವನನ್ನು ಗದರಿ, ಅತ್ತೆ ನನ್ನತ್ತ ತಿರುಗಿದರು. "ನಿಂಗ್ ಗೊತ್ತಿತ್ತಾ ಶರ್ಮಿಳಾ?"

"ನಡುವಲ್ಲಿ ಗೊತ್ತಾಯ್ತ್ ಅತ್ತೆ. ನೀವ್ ತಿಂತಿದ್ರಿ..."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಬಾಗಿಲ ಸಂದಿಯಲ್ಲಿ ನಿಂತು ನಾನು ನೋಡುತ್ತಿದ್ದದ್ದು ಅವರಿಗೆ ಮೊದಲಿಂದಲೂ ಗೊತ್ತಿತ್ತೇನೋ. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಹಕ್ಮತನ ಕಡೆ ತಿರುಗಿದರು.

"ಕೂಕೋ ಮಗಾ ಇಲ್ಲಿ. ನೀರ್ ಹಾಕಿದ್ದಕ್ ಬೇಜಾರ್ ಮಾಡ್ಕಣ್ಬ್ಯಾಡ. ನಮ್ಮ ಊರಗೆ ಊಟಕ್ ಬಾಳಿ ಎಲಿ ಹಾಕುದ್. ಕೊಡಿ, ಅಂದ್ರೆ ಎಲಿ ತುದಿ, ಎಡಕ್ ಬರ್ಕ್. ನೀರ್ ಹಾಕಿ ಒರ್ಸಿ ಕೂಕಂಡ್ರೆ, ಬಡ್ಸಿ, ನಾ ಉಂಬುಕ್ ತಯಾರಿದ್ದೆ ಅಂದೇಳಿ. ಅದ್ ಮರ್ಯಾದಿ."

ಹಕ್ಮತ್ ಕೂತ. ಚರಣ್ ಅವನಿಗೆ ಅದನ್ನೇ ಇನ್ನೊಮ್ಮೆ ಹಿಂದಿಯಲ್ಲಿ ಹೇಳಿದ.

"ಮತ್ತೆ ಮಡ್ಚುದ್ ಇತ್ತಲ್ಲ, ಸತ್ತ್ ಮನಿ ಊಟದಗೆ ಆಚಿ ಬದಿಗ್ ಮಡ್ಚ್ತ್ರ್. ಹಾಂಗ್ ಮಡ್ಚಿರೆ, ಇಂತಾ ಊಟ ಇನ್ನ್ ಬಪ್ಪುದ್ ಬ್ಯಾಡ ಅಂದೇಳಿ. ಈಚಿ ಬದಿಗ್ ಮಡ್ಚಿರೆ, ಹೊಟ್ಟಿ ತುಂಬ್ತ್, ಇನ್ನೊಂದ್ ಸಲ ಬತ್ತೆ ಅಂದೇಳಿ."

ಹಕ್ಮತ್ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದ. ಮಡಿಕೆಯ ಗೆರೆ ಇನ್ನೂ ಹಾಗೆಯೇ ಇತ್ತು. ಅವರು ಕೂತ ದಿಕ್ಕು ನೋಡಿದ, ಮತ್ತೆ ರೊಟ್ಟಿ ನೋಡಿದ.

"ನೀವು ನಿಮ್ಮ ಕಡೆಗೆ ಮಡಚಿದಿರಿ" ಎಂದ.

"ಮತ್ತೆ?" ಎಂದರು ಅತ್ತೆ.

ಅವನು ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ಏಪ್ರನ್ನಿನ ತುದಿಯಿಂದ ಹಣೆ ಒರೆಸಿದ. ಬರೀ ಹಣೆ ಒರೆಸಲು ಅಷ್ಟು ಹೊತ್ತು ಬೇಕಿರಲಿಲ್ಲ.

"ತಾ ಅದ್ನ ಇಲ್ಲಿ" ಎಂದು ಅತ್ತೆ ಕೈ ಚಾಚಿದರು. "ನಾವೂ ಅನ್ನ ಬಿಸಾಡುದಿಲ್ಲ. ನೆಲಕ್ ಬಿದ್ದ್ ಅಗಳ್ ಕಾಲಿಗ್ ತಾಗಿರೆ ಹೆಕ್ಕಿ ಕಣ್ಣಿಗ್ ಒತ್ಕಂತ್ರ್. ಬಟ್ಲಗೆ ಉಳ್ಸಿರೆ ನನ್ ಹೆತ್ತಬ್ಬಿ ಬೆನ್ನಿಗ್ ಬಾರ್ಸ್ತಿದ್ಲ್."

ಹೇಳುವಾಗ ಕೆನೆಗಟ್ಟಿದ ಆ ಗಂಜಿಯ ಬಟ್ಟಲುಗಳೆಲ್ಲ ಅವರ ಕಣ್ಣಿಗೂ ಬಂದಿರಬೇಕು. ರೊಟ್ಟಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಅದರ ನಡುವಿನಿಂದ ಒಂದು ತುಂಡು ಹರಿದರು.

ನಾನು ಗಾಬರಿಯಿಂದ ಮುಂದೆ ಬಾಗಿದೆ. ಒಣ ರೊಟ್ಟಿ ಅವರ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಅದು ಒಣಗಿರಲಿಲ್ಲ. ಚಿಮುಕಿಸಿದ ನೀರು, ಬದನೆಕಾಯಿಯ ಮೊಸರು, ಎಲುಬಿನಿಂದ ಸೋರಿದ ಸಾರು ಎಲ್ಲ ಸೇರಿ ನಡುವೆ ಹತ್ತಿಯ ಹಾಗೆ ಮೆತ್ತಗಾಗಿತ್ತು. ಹಕ್ಮತ್ ಓಡಿಹೋಗಿ ಇನ್ನೊಂದು ಬಟ್ಟಲು ಬಿಸಿ ಸಾರು ತಂದ. ಅತ್ತೆ ತುಂಡನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟರು. ನಿಧಾನಕ್ಕೆ, ಬಹಳ ನಿಧಾನಕ್ಕೆ ಅಗಿದರು.

ಅವರು ನುಂಗುವುದನ್ನು ನಾನು ನೋಡಲಿಲ್ಲ. ಎಷ್ಟೋ ತಿಂಗಳಲ್ಲಿ ಮೊದಲ ಸಲ ಬೇಕೆಂದೇ ಕಣ್ಣು ತೆಗೆದು ಹೆದ್ದಾರಿಯ ಕಡೆ ನೋಡುತ್ತ ಕೂತೆ. ಬೈಂದೂರಿನ ಕಡೆಗೆ ಒಂದು ಮೀನಿನ ಲಾರಿ ನೀರು ಸುರಿಸುತ್ತ ಹೋಯಿತು. ಅದರ ಹಿಂದೆ ಒಂದು ಖಾಲಿ ಬಸ್ಸು ಹೋಯಿತು. ಕಿವಿಗೆ ಮಾತ್ರ ರೊಟ್ಟಿ ಹರಿಯುವ ಸದ್ದು, ಬಟ್ಟಲಿಗೆ ಚಮಚ ತಾಗುವ ಸದ್ದು ಬರುತ್ತಲೇ ಇತ್ತು.

"ಹೆಣೆ."

"ಎಂತ ಅತ್ತೆ?"

"ನಿನ್ ಎಲಿ ಯಾರ್ ತಿಂಬುದ್?"

ನನ್ನ ಮುಂದಿನ ರೊಟ್ಟಿ ಹಾಗೆಯೇ ಇತ್ತು. ನನ್ನ ಬಟ್ಟಲಿನ ಸಾರು ಆರಿ ಮೇಲೆ ಕೊಬ್ಬು ಕಟ್ಟಿತ್ತು. ಇಡೀ ಹೊತ್ತು ನಾನು ಏನನ್ನೂ ಮುಟ್ಟಿರಲಿಲ್ಲ. ಯೋಚಿಸಿದರೆ, ಕೂತು ಉಂಡದ್ದು ಯಾವಾಗ ಎಂದೂ ನೆನಪಾಗಲಿಲ್ಲ. ಅಡಿಗೆಮನೆಯಲ್ಲಿ ನಿಂತು, ಅವರು ಬಿಟ್ಟದ್ದನ್ನು ಬಾಯಿಗೆ ಹಾಕಿಕೊಂಡು ಕಳೆದ ದಿನಗಳೇ ಎಲ್ಲ.

"ತಿನ್. ನಾ ಕಾಂತೆ" ಎಂದು ಅತ್ತೆ ದಿಂಬಿಗೆ ಒರಗಿ, ನಾನು ಅವರನ್ನು ನೋಡುವ ಹಾಗೆಯೇ ನನ್ನನ್ನು ದಿಟ್ಟಿಸಿ ನೋಡತೊಡಗಿದರು. ಚರಣ್ ಮತ್ತೆ ನಕ್ಕ. ಹಕ್ಮತ್ ನನ್ನ ಬಟ್ಟಲು ಎತ್ತಿಕೊಂಡು ಹೋಗಿ ಬಿಸಿ ಸಾರು ತಂದ. ಒಂದು ತುಂಡು ಹರಿದು ಅದ್ದಿ ತಿಂದೆ. ಕೊತ್ತಂಬರಿ, ಒಣಲಿಂಬೆ, ಹೊಗೆ. ಇದರ ರುಚಿ ಹೇಗಿರಬೇಕೆಂದು ನನಗೂ ಗೊತ್ತಿರಲಿಲ್ಲ. ಹಸಿವಾಗಿತ್ತು ಎನ್ನುವುದು ಮಾತ್ರ ಎರಡನೆಯ ತುಂಡಿಗೆ ಗೊತ್ತಾಯಿತು.

ಹೊರಡುವಾಗ ಹಕ್ಮತ್ ಕಾಗದದಲ್ಲಿ ಸುತ್ತಿದ ಒಂದು ರೊಟ್ಟಿ ಕೊಟ್ಟು, "ರಾತ್ರಿಗೆ. ಇದಕ್ಕೆ ನೀವು ಖಂಡಿತ ನೀರು ಚಿಮುಕಿಸಬಹುದು ಅಮ್ಮ" ಎಂದ. ವಾರ್ತೆ ಓದುವ ಹಾಗೆಯೇ ಹೇಳಿದ. ಆದರೆ ಕಣ್ಣು ನಗುತ್ತಿತ್ತು.

ಹಿತ್ತಲಿನ ದಾರಿಯಲ್ಲಿ ಬಿಸಿಲು ಇಳಿದಿತ್ತು. ಅತ್ತೆ ರೊಟ್ಟಿಯ ಕಟ್ಟನ್ನು ಎದೆಗೆ ಒತ್ತಿಕೊಂಡು ನನ್ನ ತೋಳು ಹಿಡಿದು ನಡೆಯುತ್ತಿದ್ದರು. ಚೀಲದ ಅಡಿಯಲ್ಲಿ ಗಂಜಿಯ ಡಬ್ಬಿ ಹಾಗೆಯೇ ಇತ್ತು. ಸೋಮವಾರ ತಕ್ಕಡಿ ಏನು ಹೇಳುತ್ತದೋ, ನಾಳೆ ಈ ಸಾರೂ ತುಕ್ಕಿನ ಹಾಗೆ ಆಗಿಬಿಟ್ಟರೆ ಏನು ಮಾಡುವುದೋ ಎಂದು ನನ್ನ ಮನಸ್ಸು ಆಗಲೇ ಶುರು ಮಾಡಿತ್ತು. ಆಗ ಫೋನ್ ಬಂತು.

"ಅಮ್ಮ ಉಂಡ್ರಾ?"

ಅಭ್ಯಾಸದಂತೆ ಒಂದು ಮಾತಿಗೆ ತಡಕಾಡಿದೆ. ಇವತ್ತು ಹುಡುಕುವ ಅಗತ್ಯ ಇರಲಿಲ್ಲ.

"ಉಂಡ್ರ್" ಎಂದೆ.

ಆ ಕಡೆ ಹೋಟೆಲಿನ ಗಲಾಟೆ ಮಾತ್ರ ಕೇಳಿಸುತ್ತಿತ್ತು. ನಾನು ಈ ಪದ ಬಳಸುವುದಿಲ್ಲ ಎಂದು ರತೀಶರಿಗೂ ಗೊತ್ತಿತ್ತು, ಇಷ್ಟು ದಿನ ಗೊತ್ತಿದ್ದೂ ಕೇಳದೆ ಬಿಟ್ಟಿದ್ದರು ಎನ್ನುವುದು ನನಗೆ ಆಗ ತಿಳಿಯಿತು.

"ಹ್ವಾಯ್, ಕೇಂತಾ? ಉಂಡ್ರ್ ಅಂದೆ."

ಅತ್ತೆ ನನ್ನ ತೋಳು ಜಗ್ಗಿದರು.

"ಎಲಿ ಸಮೇತ ಅಂದೇಳಿ ಹೇಳ್ ಅಂವಂಗೆ."